ಮಗುವಿನ ಪರವಾಗಿ ನಾವೇ ಮಾತಾಡಬೇಕೇ?

ಅಂಗವೈಕಲ್ಯವಿರುವ ಮಕ್ಕಳ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳ ಧಾಟಿ ಹೆಚ್ಚುಕಡಿಮೆ ಒಂದೇ: ‘ಇವರು ದೇವರ ಮಕ್ಕಳು, ಇವರಿಗೆ ನಾವೇ ದನಿಯಾಗೋಣ.’ ಕೆಳಗೆ ಕೈಮುಗಿದ ಇಮೋಜಿ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬೇರೆಯದನ್ನೇ ಹೇಳುತ್ತದೆ. ಅದರ 4ನೇ ಸೆಕ್ಷನ್ ಪ್ರಕಾರ, ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ಅಭಿಪ್ರಾಯ ಹೇಳುವುದು ಮಗುವಿನ ಹಕ್ಕು. ಅದಕ್ಕೆ ತಕ್ಕ ನೆರವನ್ನೂ ಸರ್ಕಾರ ಕೊಡಬೇಕು.

ದೃಷ್ಟಿ ಮಂದವಿರುವ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಪ್ರತಿ ಜೂನ್‌ನಲ್ಲೂ ಅಮ್ಮ ಶಾಲೆಗೆ ಹೋಗಿ ‘ಇವಳನ್ನು ಮುಂದೆ ಕೂರಿಸಿ’ ಎಂದು ಹೇಳಿ ಬರುತ್ತಾರೆ. ಆಗಸ್ಟ್‌ನಲ್ಲಿ ಟೀಚರ್ ಬದಲಾಗುತ್ತಾರೆ, ಹುಡುಗಿ ಹಿಂದಿನ ಬೆಂಚಿಗೆ ಹೋಗುತ್ತಾಳೆ. ಬೋರ್ಡ್ ಕಾಣದೆ ಸುಮ್ಮನೆ ಕೂತವಳಿಗೆ ‘ಗಮನ ಇಲ್ಲ’ ಎಂಬ ಹೆಸರು ಬರುತ್ತದೆ. ಅವಳಿಗೆ ಬೇಕಿದ್ದದ್ದು ಎರಡೇ ವಾಕ್ಯ: ‘ಮಿಸ್, ನನಗೆ ಸಣ್ಣ ಅಕ್ಷರ ಕಾಣಲ್ಲ. ಬರೆಯುವಾಗ ಜೋರಾಗಿ ಓದ್ತೀರಾ?’ ಏನು ಕಷ್ಟ, ಏನು ಮಾಡಿದರೆ ಸುಲಭ, ಅಷ್ಟೇ. ಮನೆಯಲ್ಲಿ ಅಪ್ಪನೋ ಅಜ್ಜಿಯೋ ಟೀಚರ್ ಆಗಿ ಆಟವಾಡಿದರೆ ಇದು ರೂಢಿಯಾಗುತ್ತದೆ. ಮುಂದಿನ ಜೂನ್‌ನಲ್ಲಿ ಅಮ್ಮ ಪಕ್ಕದಲ್ಲಿ ನಿಂತಿರಲಿ, ಮಾತು ಮಗಳದಾಗಲಿ. ತಡವರಿಸಿದರೂ ನಡುವೆ ಬಾಯಿ ಹಾಕಬೇಡಿ. (ಇದೇ ಕಷ್ಟದ ಭಾಗ, ಅಮ್ಮನಿಗೆ.)

ಮಾತೇ ಬಾರದ ಮಗುವಾದರೆ? ಚಿತ್ರದ ಕಾರ್ಡ್, ಸನ್ನೆ, ಮೊಬೈಲ್ ಆ್ಯಪ್ ಯಾವುದಾದರೂ ಆದೀತು. ‘ಕಾರ್ಡ್ ಕೊಟ್ಟರೆ ಮಾತು ಬರುವುದೇ ಇಲ್ಲ’ ಎಂಬ ನಂಬಿಕೆಗೆ ಅಧ್ಯಯನಗಳಲ್ಲಿ ಆಧಾರವಿಲ್ಲ; ಕಾರ್ಡ್ ಬಳಸುತ್ತ ಹಲವು ಮಕ್ಕಳ ಮಾತು ಹೆಚ್ಚಿದ್ದೂ ಇದೆ. ಆದರೆ ಕಾರ್ಡ್‌ಗಳಲ್ಲಿ ನೀರು, ಊಟ, ಟಾಯ್ಲೆಟ್ ಮಾತ್ರ ಇದ್ದರೆ ಸಾಲದು. ‘ಬೇಡ’, ‘ನಿಲ್ಲಿಸಿ’, ‘ನೋವಾಗ್ತಿದೆ’ ಇರಲೇಬೇಕು. ಎಲ್ಲದಕ್ಕೂ ತಲೆಯಾಡಿಸುವುದನ್ನಷ್ಟೇ ಕಲಿತ ಮಗು, ಯಾರಾದರೂ ಕೆಟ್ಟದಾಗಿ ಮುಟ್ಟಿದಾಗ ಹೇಗೆ ತಡೆದೀತು? ಮನೆಯಲ್ಲಿ ಮಗು ‘ಬೇಡ’ ಕಾರ್ಡ್ ತೋರಿಸಿದಾಗ, ಅದು ಬರೀ ಉಪ್ಪಿಟ್ಟಿನ ವಿಷಯವಾಗಿದ್ದರೂ ಸರಿ, ಆಗಾಗ ಅದು ನಡೆಯಬೇಕು.

ಕೇಳಿದರೂ ‘ಆಗಲ್ಲ’ ಎನ್ನುವವರು ಇರುತ್ತಾರೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಅವರಿಗೆ, ಕನಿಷ್ಠ 40% ಅಂಗವೈಕಲ್ಯದ ಪ್ರಮಾಣಪತ್ರವಿಲ್ಲ ಎಂದು ಯುಪಿಎಸ್‌ಸಿ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸಲಾಗಿತ್ತು. ಅವರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 2021ರ ಫೆಬ್ರುವರಿಯಲ್ಲಿ ಕೋರ್ಟ್, ಲಿಪಿಕಾರರ ನೆರವಿಗೆ ಆ 40% ಮಿತಿ ಅಡ್ಡಿಯಾಗಬಾರದು ಎಂದಿತು.