ಫ್ಲಾರೆನ್ಸ್ ನೈಟಿಂಗೇಲ್ ಸ್ಮಾರಕ ಬೆಳ್ಳಿ ನಾಣ್ಯ

ಫ್ಲಾರೆನ್ಸ್ ನೈಟಿಂಗೇಲ್ ಸ್ಮಾರಕ ನಾಣ್ಯವು ಬ್ರಿಟನ್ನಿನ ಟಂಕಸಾಲೆಯಾದ ರಾಯಲ್ ಮಿಂಟ್ 2010ರಲ್ಲಿ ಹೊರತಂದ ಎರಡು ಪೌಂಡ್ ಮುಖಬೆಲೆಯ ನಾಣ್ಯ. ಆಧುನಿಕ ಶುಶ್ರೂಷಾ ವೃತ್ತಿಯ ಪ್ರವರ್ತಕಿಯೂ ಸೇನಾ ಆಸ್ಪತ್ರೆಗಳ ಸುಧಾರಕಿಯೂ ಆದ ಫ್ಲಾರೆನ್ಸ್ ನೈಟಿಂಗೇಲ್ (1820–1910) ಅವರ ನಿಧನದ ಶತಮಾನದ ವರ್ಷದಲ್ಲಿ ಇದು ಬಿಡುಗಡೆಯಾಯಿತು. ಸಾಮಾನ್ಯ ಚಲಾವಣೆಗೆ ಅಗ್ಗದ ಮಿಶ್ರಲೋಹದಲ್ಲಿಯೂ ಸಂಗ್ರಾಹಕರಿಗಾಗಿ ಬೆಳ್ಳಿಯಲ್ಲಿಯೂ ಇದನ್ನು ಟಂಕಿಸಲಾಯಿತು. ಯಾರ ನೆನಪಿಗಾಗಿ ನಾಣ್ಯವನ್ನು ಹೊರತರಲಾಯಿತೋ ಅವರ ಮುಖವಾಗಲಿ, ಅವರ ಹೆಸರಿನೊಡನೆ ಬೆಸೆದುಕೊಂಡಿರುವ ದೀಪವಾಗಲಿ ಅದರ ಮೇಲೆ ಇಲ್ಲ ಎಂಬುದು ಇದರ ವಿಶೇಷ.

ವಿನ್ಯಾಸ

ನಾಣ್ಯದ ಹಿಮ್ಮುಖವನ್ನು ರೂಪಿಸಿದವರು ಗಾರ್ಡನ್ ಸಮ್ಮರ್ಸ್. ರೋಗಿಯ ಮಣಿಕಟ್ಟನ್ನು ಹಿಡಿದು ನಾಡಿ ನೋಡುತ್ತಿರುವ ಕೈಯೇ ಅದರ ಮುಖ್ಯ ಚಿತ್ರ. ಹಿನ್ನೆಲೆಯ ಗೆರೆಗಳು ಬೀಸಣಿಗೆಯಂತೆ ಹೊರಕ್ಕೆ ಹರಡಿವೆ. ಸುತ್ತಲೂ ನೈಟಿಂಗೇಲ್ ಅವರ ಹೆಸರು, ಅವರು ನಿಧನರಾದ 1910ನೇ ಇಸವಿ ಹಾಗೂ ಮುಖಬೆಲೆ ಇವೆ. ಮುಮ್ಮುಖದಲ್ಲಿ ಇಯಾನ್ ರ‍್ಯಾಂಕ್-ಬ್ರಾಡ್ಲಿ ರಚಿಸಿದ ರಾಣಿ ಎರಡನೆಯ ಎಲಿಜಬೆತ್ ಅವರ ಚಿತ್ರವಿದೆ. ಅಂಚಿನಲ್ಲಿ 'ಶುಶ್ರೂಷೆಯ 150 ವರ್ಷಗಳು' ಎಂಬ ಅರ್ಥದ ಇಂಗ್ಲಿಷ್ ಬರಹವನ್ನು ಕೆತ್ತಲಾಗಿದೆ.

ಈ ಆಯ್ಕೆಯ ಮಹತ್ವ ತಿಳಿಯಲು ಹಿಂದಿನ ಒಂದು ನೋಟನ್ನು ನೆನೆಯಬೇಕು. ಬ್ಯಾಂಕ್ ಆಫ್ ಇಂಗ್ಲೆಂಡ್ 1975ರಲ್ಲಿ ಹೊರತಂದು 1994ರಲ್ಲಿ ಹಿಂತೆಗೆದುಕೊಂಡ ಹತ್ತು ಪೌಂಡ್ ನೋಟಿನ ಮೇಲೆ ನೈಟಿಂಗೇಲ್ ಅವರ ಭಾವಚಿತ್ರವಿತ್ತು. ಅದರೊಂದಿಗೆ, ಸ್ಕುಟಾರಿಯ ಆಸ್ಪತ್ರೆಯಲ್ಲಿ ದೀಪ ಹಿಡಿದು ಸಾಗುವ ದೃಶ್ಯವೂ ಇತ್ತು. ರಾಣಿಯನ್ನು ಬಿಟ್ಟರೆ ಆ ಬ್ಯಾಂಕಿನ ನೋಟುಗಳ ಮೇಲೆ ಸ್ಥಾನ ಪಡೆದ ಮೊದಲ ಐತಿಹಾಸಿಕ ಮಹಿಳೆ ಅವರೇ. 'ದೀಪಧಾರಿಣಿ' ಎಂಬ ಬಿರುದಿಗೆ ಯುದ್ಧಕಾಲದ ಪತ್ರಿಕಾ ವರದಿಗಳೂ 1857ರ ಲಾಂಗ್‌ಫೆಲೋ ಅವರ ಕವಿತೆಯೂ ಕಾರಣ. ಚಿತ್ರಕಾರರು ಅವರ ಕೈಗೆ ಪ್ರಾಚೀನ ಗ್ರೀಕ್ ಮಾದರಿಯ ದೀಪವನ್ನು ಕೊಟ್ಟರು. ವಾಸ್ತವವಾಗಿ ಸ್ಕುಟಾರಿಯಲ್ಲಿ ಬಳಕೆಯಲ್ಲಿದ್ದದ್ದು 'ಫಾನೂಸ್' ಎಂಬ ಟರ್ಕಿಯ ಮಡಚುವ ಲಾಟೀನು. 2010ರ ನಾಣ್ಯವು ಈ ಐತಿಹ್ಯವನ್ನು ಬದಿಗಿಟ್ಟು, ದಾದಿಯ ದಿನನಿತ್ಯದ ಕೆಲಸವೊಂದನ್ನು ಚಿತ್ರಿಸಿದೆ. ಹ್ಯಾಂಪ್‌ಷೈರ್‌ನ ಈಸ್ಟ್ ವೆಲ್ಲೋ ಗ್ರಾಮದ ಕುಟುಂಬದ ಸಮಾಧಿಯ ಮೇಲೂ ಅವರ ಪೂರ್ಣ ಹೆಸರಿಲ್ಲ. ಎರಡು ಮೊದಲಕ್ಷರಗಳು ಮತ್ತು ಜನನ-ಮರಣದ ದಿನಾಂಕಗಳು ಮಾತ್ರ ಇವೆ. ಯುದ್ಧ ಮುಗಿದ ಮೇಲೆ, ಸ್ವಾಗತ ಸಮಾರಂಭಗಳನ್ನು ತಪ್ಪಿಸಿಕೊಳ್ಳಲು 'ಮಿಸ್ ಸ್ಮಿತ್' ಎಂಬ ಹೆಸರಿನಲ್ಲಿ ಪ್ರಯಾಣಿಸಿ ಊರು ಸೇರಿದವರಿಗೆ ಮುಖವಿಲ್ಲದ ಈ ನಾಣ್ಯವು ಒಪ್ಪುವಂಥದೇ.

ಲೋಹ ಮತ್ತು ತಯಾರಿಕೆ

ಚಲಾವಣೆಯ ನಾಣ್ಯದ ಒಳವೃತ್ತ ತಾಮ್ರ-ನಿಕಲ್ ಮಿಶ್ರಲೋಹದ್ದು, ಹೊರವೃತ್ತ ನಿಕಲ್-ಹಿತ್ತಾಳೆಯದು. ಈ ಬಗೆಯ 61,75,000 ನಾಣ್ಯಗಳು ಹೊರಬಂದವು. ಬೆಳ್ಳಿಯ ಪ್ರೂಫ್ ನಾಣ್ಯದ ತೂಕ 12 ಗ್ರಾಂ, ವ್ಯಾಸ 28.4 ಮಿಲಿಮೀಟರ್. ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿಯಿರುವ ಸ್ಟರ್ಲಿಂಗ್ ದರ್ಜೆಯ ಲೋಹವಾದ್ದರಿಂದ ಒಂದು ನಾಣ್ಯದಲ್ಲಿ 11.1 ಗ್ರಾಂ ಬೆಳ್ಳಿ ಇರುತ್ತದೆ. ಚಲಾವಣೆಯ ನಾಣ್ಯದ ಎರಡು ಬಣ್ಣ ಇದರಲ್ಲಿಯೂ ಕಾಣುವಂತೆ ಹೊರವೃತ್ತಕ್ಕೆ ಚಿನ್ನದ ಲೇಪ ಕೊಡಲಾಗಿದೆ. ಮೆರುಗು ಕೊಟ್ಟ ಅಚ್ಚುಗಳಿಂದ ಒಂದಕ್ಕಿಂತ ಹೆಚ್ಚು ಬಾರಿ ಒತ್ತಿ ತೆಗೆಯುವುದರಿಂದ ಪ್ರೂಫ್ ನಾಣ್ಯದ ಬಯಲು ಕನ್ನಡಿಯಂತೆ ಹೊಳೆಯುತ್ತದೆ, ಚಿತ್ರವು ಮಂಜು ಕವಿದಂತೆ ಬೆಳ್ಳಗೆ ಎದ್ದು ಕಾಣುತ್ತದೆ.

ನೈಟಿಂಗೇಲ್ ಅವರ ಕಾಲದಲ್ಲಿ ಸ್ಟರ್ಲಿಂಗ್ ಬೆಳ್ಳಿ ಸಂಗ್ರಾಹಕರ ಲೋಹವಾಗಿರಲಿಲ್ಲ. ಸೈನಿಕನು ಸಂಬಳವಾಗಿ ಪಡೆಯುತ್ತಿದ್ದ ಷಿಲಿಂಗ್ ಕೂಡ ಅದರದೇ. ಬ್ರಿಟನ್ನಿನ ಚಲಾವಣೆಯ ನಾಣ್ಯಗಳಲ್ಲಿ ಬೆಳ್ಳಿಯ ಪ್ರಮಾಣ 1920ರಲ್ಲಿ ಅರ್ಧಕ್ಕೆ ಇಳಿದು, 1947ರಲ್ಲಿ ಪೂರ್ತಿ ನಿಂತಿತು. ಆ ಸಂಬಳದ ಹಣವು ಹೆಂಡಕ್ಕೆ ಪೋಲಾಗುವುದನ್ನು ಕಂಡ ನೈಟಿಂಗೇಲ್, ಸೈನಿಕರು ಅದನ್ನು ಮನೆಗೆ ಕಳುಹಿಸಲು ಸ್ಕುಟಾರಿಯಲ್ಲಿ ಹಣರವಾನೆಯ ಏರ್ಪಾಡು ಮಾಡಿದ್ದರು. ಕುಡುಕ ಸೈನಿಕರು ಹಣ ಉಳಿಸಲಾರರು ಎಂದು ನಂಬಿದ್ದ ಅಧಿಕಾರಿಗಳಿಗೆ ಅದರ ಯಶಸ್ಸು ಅನಿರೀಕ್ಷಿತವಾಗಿತ್ತು.

ಹಿನ್ನೆಲೆ: ಸ್ಕುಟಾರಿಯ ಪಾಠ

ಕ್ರಿಮಿಯ ಯುದ್ಧದ ಸಮಯದಲ್ಲಿ, 1854ರ ನವೆಂಬರ್ ಆರಂಭದಲ್ಲಿ, ನೈಟಿಂಗೇಲ್ 38 ದಾದಿಯರೊಂದಿಗೆ ಇಸ್ತಾಂಬುಲ್ ಎದುರಿನ ಸ್ಕುಟಾರಿಯನ್ನು (ಇಂದಿನ ಉಸ್ಕುದಾರ್) ತಲುಪಿದರು. ಅವರು ಬಂದೊಡನೆ ಸಾವು ಇಳಿಯಿತು ಎಂಬುದು ಜನಪ್ರಿಯ ಕಥನ. ಆದರೆ ಅಂಕಿಅಂಶಗಳು ಹೇಳುವುದು ಬೇರೆ. ಅವರು ಬಂದ ನಂತರದ ಚಳಿಗಾಲದಲ್ಲಿ ಮರಣಪ್ರಮಾಣ ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42ನ್ನು ಮುಟ್ಟಿತು. ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗವು ಕಟ್ಟಡದ ಅಡಿಯ ಚರಂಡಿಗಳನ್ನು ತೊಳೆಸಿ, ಗಾಳಿಯಾಡಲು ದಾರಿ ಮಾಡಿ, ನೀರಿನ ಮೂಲವನ್ನು ಶುದ್ಧಗೊಳಿಸಿದ ಬಳಿಕ ಜೂನ್ ವೇಳೆಗೆ ಅದು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ಇದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಸ್ವತಃ ನೈಟಿಂಗೇಲ್ ಮುಖ್ಯರು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರೊಡನೆ ಸೇನೆಯ ದಾಖಲೆಗಳನ್ನು ಪರಿಶೀಲಿಸಿ, ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂದು ಅವರು ತೋರಿಸಿದರು. 1858ರಲ್ಲಿ ಪ್ರಕಟವಾದ ಅವರ ವೃತ್ತಾಕಾರದ ನಕ್ಷೆಯಲ್ಲಿ ರೋಗದ ಸಾವುಗಳು ನೀಲಿ ಬಣ್ಣದಲ್ಲಿ, ಗಾಯದ ಸಾವುಗಳು ಕೆಂಪು ಬಣ್ಣದಲ್ಲಿವೆ. ನೀಲಿಯೇ ಪುಟವನ್ನು ತುಂಬಿದೆ. ಅದೇ ವರ್ಷ ಅವರು ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾಗಿ ಆಯ್ಕೆಯಾದರು.

'150 ವರ್ಷ'ದ ಎಣಿಕೆ

ಅಂಚಿನ ಬರಹವು ಎಣಿಸುವುದು 1860ರಿಂದ. 'ನೋಟ್ಸ್ ಆನ್ ನರ್ಸಿಂಗ್' ಎಂಬ ಅವರ ಪುಸ್ತಕ ಹೊರಬಂದದ್ದು 1859–60ರಲ್ಲಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾದದ್ದು 1860ರ ಜುಲೈ 9ರಂದು. ಆ ಶಾಲೆಗೆ ಬಂಡವಾಳವಾದ ಸುಮಾರು 44,000 ಪೌಂಡುಗಳ ನಿಧಿಗೆ ಸೈನಿಕರೂ ತಮ್ಮ ಒಂದು ದಿನದ ಸಂಬಳ ಕೊಟ್ಟಿದ್ದರು.

ಶುಶ್ರೂಷೆಯೇ ಅಂದು ಹುಟ್ಟಿತೆಂಬಂತೆ ತೋರುವ ಈ ಬರಹವನ್ನು ಅಕ್ಷರಶಃ ಒಪ್ಪಲಾಗದು. ಕ್ರೈಸ್ತ ಸನ್ಯಾಸಿನಿಯರು ಶತಮಾನಗಳಿಂದ ಆಸ್ಪತ್ರೆಗಳನ್ನು ನಡೆಸುತ್ತಿದ್ದರು. ನೈಟಿಂಗೇಲ್ ತಾವೇ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದವರು. ಜಮೈಕಾದ ಮೇರಿ ಸೀಕೋಲ್, ಅಧಿಕೃತ ದಾದಿಯರ ತಂಡದಲ್ಲಿ ಅವಕಾಶ ಸಿಗದೆ, ಸ್ವಂತ ಖರ್ಚಿನಲ್ಲಿ ಬಾಲಕ್ಲಾವಾ ಬಳಿಗೆ ಹೋಗಿ ಸೈನಿಕರ ಆರೈಕೆ ಮಾಡಿದ್ದರು. 1860ರಲ್ಲಿ ಶುರುವಾದದ್ದು ಧಾರ್ಮಿಕ ಸಂಸ್ಥೆಗಳಿಗೆ ಒಳಪಡದ, ತರಬೇತಿಯಿಂದ ಕಲಿಯಬೇಕಾದ, ಸಂಬಳವಿರುವ ವೃತ್ತಿಯಾಗಿ ಶುಶ್ರೂಷೆಯನ್ನು ಕಾಣುವ ಕ್ರಮ ಎಂದರೆ ಹೆಚ್ಚು ಸರಿ.

ಭಾರತದೊಡನೆ ಸಂಬಂಧ

ನೈಟಿಂಗೇಲ್ ಎಂದೂ ಭಾರತಕ್ಕೆ ಬರಲಿಲ್ಲ. ಆದರೂ 1859ರಲ್ಲಿ ನೇಮಕವಾದ, ಭಾರತದ ಸೇನೆಯ ನೈರ್ಮಲ್ಯ ಕುರಿತ ರಾಜ ಆಯೋಗದ ಹಿಂದಿನ ಶಕ್ತಿ ಅವರೇ. ಇಲ್ಲಿನ ಸೇನಾ ಠಾಣ್ಯಗಳಿಗೆ ಪ್ರಶ್ನಾವಳಿ ಕಳುಹಿಸಿ ಮಾಹಿತಿ ತರಿಸಿಕೊಂಡರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ವಾರ್ಷಿಕ ಮರಣಪ್ರಮಾಣ ಸಾವಿರಕ್ಕೆ 69 ಎಂಬ ಅಂಶವನ್ನು ಆಯೋಗದ 1863ರ ವರದಿ ಬೆಳಕಿಗೆ ತಂದಿತು. ನಂತರದ ವರ್ಷಗಳಲ್ಲಿ ಅವರ ಗಮನ ಸೇನೆಯಿಂದಾಚೆಗೆ, ಹಳ್ಳಿಗಳ ನೈರ್ಮಲ್ಯ, ನೀರಾವರಿ ಮತ್ತು ಕ್ಷಾಮಗಳ ಕಡೆಗೂ ಹರಿಯಿತು. 1888ರಲ್ಲಿ ತರಬೇತಿ ಪಡೆದ ಹತ್ತು ಮಂದಿ ದಾದಿಯರು ಮುಂಬಯಿಗೆ ಬಂದಿಳಿದುದರಿಂದ ಇಲ್ಲಿನ ಸೇನಾ ಶುಶ್ರೂಷಾ ಸೇವೆ ಆರಂಭವಾಯಿತು.

ಕರ್ನಾಟಕವೂ ಸೇರಿದಂತೆ ಭಾರತದ ನರ್ಸಿಂಗ್ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗಳು ದೀಪ ಹಿಡಿದು ಸ್ವೀಕರಿಸುವ ಪ್ರತಿಜ್ಞೆಗೆ ನೈಟಿಂಗೇಲ್ ಅವರ ಹೆಸರಿದೆ. ಅದನ್ನು ಬರೆದವರು ಅವರಲ್ಲ, ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರಚನೆಯಾದದ್ದು. ಭಾರತ ಸರ್ಕಾರವು 1973ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಯನ್ನು ಉತ್ತಮ ಸೇವೆ ಸಲ್ಲಿಸಿದ ಶುಶ್ರೂಷಾ ಸಿಬ್ಬಂದಿಗೆ ನೀಡಲಾಗುತ್ತದೆ. ಅವರ ಜನ್ಮದಿನವಾದ ಮೇ 12 ಅಂತರರಾಷ್ಟ್ರೀಯ ದಾದಿಯರ ದಿನ.