ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ: ಪೋಷಕರು ತಿಳಿದಿರಬೇಕಾದದ್ದು



ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರ ಮತ್ತು ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ, ಮನೆಮಂದಿಗೆ ಉಪಯೋಗವಾಗುವ ಒಂದು ಆರೋಗ್ಯ ವಿಷಯವನ್ನು ಸೇರಿಸುವುದು ನಮ್ಮ ರೂಢಿ. ಈ ಸಲ ಆಟದ ಮೈದಾನದ ವಿಷಯವನ್ನು ಆರಿಸಿಕೊಂಡಿದ್ದೇವೆ. ಹೋಬಳಿ ಮಟ್ಟದ ಕ್ರೀಡಾಕೂಟಗಳು ಶುರುವಾದ ಮೇಲೆ ವೈದ್ಯಕೀಯ ನೆರವು ಕೇಳಿ ನಮ್ಮ ಕಚೇರಿಗೆ ಬರುವ ಪೋಷಕರು ಸಾಮಾನ್ಯವಾಗಿ ತರುವುದು ಕೈ ಮುರಿದ, ಕಾಲು ಉಳುಕಿದ ಮಕ್ಕಳ ಬಿಲ್ಲುಗಳನ್ನು. ತಲೆಗೆ ಪೆಟ್ಟು ಬಿದ್ದ ಮಕ್ಕಳ ಪೋಷಕರು ಬರುವುದು ತೀರಾ ಅಪರೂಪ. ಮುರಿದ ಕೈ ಎಲ್ಲರ ಕಣ್ಣಿಗೂ ಕಾಣುತ್ತದೆ, ಅದಕ್ಕೆ ಪ್ಲಾಸ್ಟರ್ ಬೀಳುತ್ತದೆ. ತಲೆಯೊಳಗಿನ ಪೆಟ್ಟಿಗೆ ಪಟ್ಟಿಯೂ ಇಲ್ಲ, ಪ್ಲಾಸ್ಟರೂ ಇಲ್ಲ.

ಇದನ್ನು ವೈದ್ಯರು ಕನ್‌ಕಷನ್ ಎನ್ನುತ್ತಾರೆ. ತಲೆಗೆ ಪೆಟ್ಟು ಬಿದ್ದಾಗ ಅಥವಾ ಮೈಗೆ ಬಿದ್ದ ಹೊಡೆತಕ್ಕೆ ತಲೆ ರಭಸವಾಗಿ ಅಲುಗಿದಾಗ ಮೆದುಳಿನ ಕೆಲಸ ಕೆಲವು ದಿನಗಳ ಮಟ್ಟಿಗೆ ಏರುಪೇರಾಗುವ ಸ್ಥಿತಿ ಅದು. ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರನ್ನು ನೆನಪಿಸಿಕೊಳ್ಳಿ. ಗಡಿಗೆಯನ್ನು ಜೋರಾಗಿ ಕುಲುಕಿದರೆ ಗಡಿಗೆಗೆ ಏನೂ ಆಗದಿರಬಹುದು, ಒಳಗಿನ ಮೊಸರು ಮಾತ್ರ ಮೊದಲಿನಂತಿರುವುದಿಲ್ಲ. ಹಾಗಾಗಿ ತಲೆಯ ಮೇಲೆ ಬುಗುಟು ಎದ್ದಿಲ್ಲ, ರಕ್ತ ಬಂದಿಲ್ಲ ಎಂಬುದು ಸಮಾಧಾನಪಡುವ ಕಾರಣವಲ್ಲ. ಪ್ರಜ್ಞೆ ತಪ್ಪಲಿಲ್ಲ ಎಂಬುದೂ ಅಲ್ಲ. ಕನ್‌ಕಷನ್ ಆದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ.

ಗುರುತು ಹಿಡಿಯುವುದು ಹೇಗೆ? ಮಗು ತಲೆನೋವು ಎನ್ನಬಹುದು, ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ, ಕಣ್ಣು ಮಂಜಾಗಿದೆ ಎನ್ನಬಹುದು. ಬೆಳಕು, ಗದ್ದಲ ಸಹಿಸಲಾಗದೆ ಕಿರಿಕಿರಿ ಮಾಡಬಹುದು. ಕೆಲವು ಮಕ್ಕಳು ಏನನ್ನೂ ಹೇಳುವುದಿಲ್ಲ. ಸುಮ್ಮನೆ ಮಂಕಾಗಿ ಕೂರುತ್ತಾರೆ, ಕೇಳಿದ್ದಕ್ಕೆ ತಡವಾಗಿ ಉತ್ತರಿಸುತ್ತಾರೆ, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ, ಆಡುತ್ತಿರುವಾಗ ತಮ್ಮ ಜಾಗ ಯಾವುದೆಂದು ಮರೆಯುತ್ತಾರೆ, ಕಾರಣವಿಲ್ಲದೆ ಅಳುತ್ತಾರೆ ಅಥವಾ ರೇಗುತ್ತಾರೆ. ಇವುಗಳಲ್ಲಿ ಒಂದೇ ಒಂದು ಕಂಡರೂ ಕನ್‌ಕಷನ್ ಇರಬಹುದೆಂದೇ ತಿಳಿದು ನಡೆಯಬೇಕು.

ಲಕ್ಷಣಗಳು ಕೂಡಲೇ ಕಾಣಬೇಕೆಂದೇನೂ ಇಲ್ಲ. ಕ್ರಿಕೆಟ್ ನೋಡುವ ಮಕ್ಕಳಿಗೆ ಇದನ್ನು ವಿವರಿಸಲು ಒಂದು ಒಳ್ಳೆಯ ಉದಾಹರಣೆ ಇದೆ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನ ಆ್ಯಷಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಬಡಿಯಿತು. ಆಗ ಅವರು 80 ರನ್ ಗಳಿಸಿದ್ದರು. ತಂಡದ ವೈದ್ಯರು ಪರೀಕ್ಷಿಸಿದರು, ಎಲ್ಲ ಸರಿಯಾಗಿಯೇ ಇತ್ತು. ಸ್ಮಿತ್ ಮರಳಿ ಬಂದು 92ರವರೆಗೆ ಆಡಿದರು. ಮರುದಿನ ಬೆಳಿಗ್ಗೆ ಏಳುವಾಗ ತಲೆ ಭಾರವಾಗಿತ್ತು, ಮಂಕು ಕವಿದಿತ್ತು. ಅವರನ್ನು ಪಂದ್ಯದಿಂದ ಕೈಬಿಟ್ಟು ಮಾರ್ನಸ್ ಲಬುಶೇನ್ ಅವರನ್ನು ಇಳಿಸಲಾಯಿತು. ಟೆಸ್ಟ್ ಕ್ರಿಕೆಟ್‌ನ ಮೊದಲ ಕನ್‌ಕಷನ್ ಬದಲಿ ಆಟಗಾರ ಅವರೇ. ಮುಂದಿನ ಟೆಸ್ಟನ್ನೂ ಸ್ಮಿತ್ ಆಡಲಿಲ್ಲ. ನಮ್ಮವರ ಉದಾಹರಣೆಯೇ ಬೇಕೆಂದರೆ 2020ರ ಡಿಸೆಂಬರ್‌ನ ಕ್ಯಾನ್‌ಬೆರಾ ಟಿ20 ಇದೆ. ಕೊನೆಯ ಓವರಿನಲ್ಲಿ ಮಿಚೆಲ್ ಸ್ಟಾರ್ಕ್ ಅವರ ಚೆಂಡು ರವೀಂದ್ರ ಜಡೇಜಾ ಅವರ ಹೆಲ್ಮೆಟ್‌ಗೆ ಬಡಿಯಿತು. ಅವರು ಆ ಇನಿಂಗ್ಸ್ ಮುಗಿಸಿದರೂ ಮತ್ತೆ ಮೈದಾನಕ್ಕಿಳಿಯಲಿಲ್ಲ. ಬದಲಿಗೆ ಬಂದ ಯಜುವೇಂದ್ರ ಚಾಹಲ್ ಮೂರು ವಿಕೆಟ್ ಪಡೆದರು. ಅತ್ಯುತ್ತಮ ಹೆಲ್ಮೆಟ್, ಪಕ್ಕದಲ್ಲೇ ವೈದ್ಯರು ಇರುವ ಆಟಗಾರರನ್ನೇ ಹೊರಗೆ ಕೂರಿಸುತ್ತಾರೆ. ಬರಿತಲೆಯಲ್ಲಿ ಮಣ್ಣಿನ ಅಂಕಣದಲ್ಲಿ ಕಬಡ್ಡಿ ಆಡುವ ನಮ್ಮ ಮಕ್ಕಳನ್ನು ಮಾತ್ರ ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಒಳಗೆ ಕಳಿಸುತ್ತೇವೆ.

ಮೊದಲನೆಯ ಮಾತು ಇದು: ಅನುಮಾನ ಬಂದ ಕೂಡಲೇ ಮಗುವನ್ನು ಆಟದಿಂದ ಹೊರಗೆ ಕರೆದುಕೊಳ್ಳಿ. ಆ ದಿನ ಮತ್ತೆ ಆಡಿಸುವಂತಿಲ್ಲ. ಹತ್ತು ನಿಮಿಷ ಕೂತು ಸುಧಾರಿಸಿಕೊಂಡರೂ ಇಲ್ಲ, ಫೈನಲ್ ಪಂದ್ಯವಾದರೂ ಇಲ್ಲ. "ಏನೂ ಆಗಿಲ್ಲ ಸರ್, ಆಡ್ತೀನಿ" ಎನ್ನುವ ಹುಡುಗನ ಮಾತಿನ ಮೇಲೆ ತೀರ್ಮಾನ ಮಾಡುವಂತಿಲ್ಲ. ಪೆಟ್ಟು ತಿಂದಿರುವುದು ತೀರ್ಮಾನ ಮಾಡಬೇಕಾದ ಅಂಗವೇ ಅಲ್ಲವೇ?

ಇಷ್ಟು ಕಟ್ಟುನಿಟ್ಟು ಏಕೆಂದರೆ, ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮುನ್ನ ಎರಡನೆಯದು ಬಿದ್ದರೆ ಮೆದುಳು ಏಕಾಏಕಿ ಊದಿಕೊಳ್ಳುವ ಅಪಾಯವಿದೆ. ಇದು ಅಪರೂಪ. ಆದರೆ ಆದಾಗ ಜೀವಕ್ಕೇ ಕುತ್ತು, ಮತ್ತು ಕಂಡುಬರುವುದು ಹೆಚ್ಚಾಗಿ ಹದಿಹರೆಯದವರಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ 13 ವರ್ಷದ ಬಾಲಕನೊಬ್ಬ ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟಾದ ಮೇಲೂ ಮರಳಿ ಆಡಿ, ಪಂದ್ಯ ಮುಗಿಯುತ್ತಿದ್ದಂತೆ ಕುಸಿದು ಬಿದ್ದ. ಪ್ರಾಣ ಉಳಿಯಿತು, ಆದರೆ ಬದುಕು ಮೊದಲಿನಂತಾಗಲಿಲ್ಲ. ಆ ಪ್ರಕರಣದ ನಂತರ 2009ರಲ್ಲಿ ಆ ರಾಜ್ಯ, ವೈದ್ಯಕೀಯ ಪರವಾನಗಿ ಇರುವವರು ಬರೆದುಕೊಡದ ಹೊರತು ಅಂಥ ಮಗು ಮತ್ತೆ ಆಡುವಂತಿಲ್ಲ ಎಂದು ಕಾನೂನು ಮಾಡಿತು. ಮುಂದೆ ಅಲ್ಲಿನ ಎಲ್ಲ ರಾಜ್ಯಗಳೂ ಇಂಥ ಕಾನೂನು ತಂದವು. ಅಂಥದೊಂದು ನಿಯಮವನ್ನು ಪೋಷಕರು ಮನೆಯಲ್ಲೇ ಮಾಡಿಕೊಳ್ಳಲು ಅಡ್ಡಿ ಏನೂ ಇಲ್ಲ.

ಕೆಲವು ಲಕ್ಷಣಗಳಿಗೆ ಕಾಯುವ ಪ್ರಶ್ನೆಯೇ ಇಲ್ಲ. ವಾಂತಿ ಮತ್ತೆ ಮತ್ತೆ ಆಗುವುದು, ತಲೆನೋವು ಏರುತ್ತಲೇ ಹೋಗುವುದು, ಫಿಟ್ಸ್ ಬರುವುದು, ಪ್ರಜ್ಞೆ ತಪ್ಪುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಮಾತು ತೊದಲುವುದು, ಒಂದು ಕೈ ಅಥವಾ ಕಾಲಿಗೆ ಬಲವಿಲ್ಲದಿರುವುದು ಅಥವಾ ಜುಮ್ಮೆನ್ನುವುದು, ಒಂದು ವಸ್ತು ಎರಡಾಗಿ ಕಾಣುವುದು, ಎರಡು ಕಣ್ಣುಗಳ ಪಾಪೆ ಒಂದೇ ಗಾತ್ರದಲ್ಲಿ ಇಲ್ಲದಿರುವುದು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ದ್ರವ ಬರುವುದು, ಗೊಂದಲ ಹೆಚ್ಚುತ್ತಾ ಹೋಗುವುದು. ಇವುಗಳಲ್ಲಿ ಯಾವುದಾದರೂ ಕಂಡರೆ 108ಕ್ಕೆ ಕರೆ ಮಾಡಿ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಕುತ್ತಿಗೆ ನೋವು ಎಂದರೆ ಮಗುವನ್ನು ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಕಳಚಬೇಡಿ. ಮಲಗಿದ್ದಲ್ಲೇ ತಲೆ ಅಲುಗದಂತೆ ಹಿಡಿದುಕೊಂಡು ಆಂಬುಲೆನ್ಸ್‌ಗೆ ಕಾಯಿರಿ. ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ನಮ್ಮೂರುಗಳಲ್ಲಿ ಸಾಮಾನ್ಯ, ಆದರೆ ಇಂಥ ಹೊತ್ತಿನಲ್ಲಿ ಅದು ಬೇಡ. ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ನೀರು ಹಾಕುವುದು ಯಾವುದನ್ನೂ ಮಾಡಬೇಡಿ. ಗಾಯದಲ್ಲಿ ರಕ್ತವಿದ್ದರೆ ಕಾಫಿಪುಡಿ, ಅರಿಶಿನ ತುಂಬದೆ ಚೊಕ್ಕಟ ಬಟ್ಟೆಯನ್ನು ಇಡಿ.

ಇಷ್ಟೆಲ್ಲ ತೀವ್ರವಾಗಿಲ್ಲದಿದ್ದರೂ ಅದೇ ದಿನ, ತಪ್ಪಿದರೆ ಮರುದಿನ ವೈದ್ಯರಿಗೆ ತೋರಿಸಿ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವಿದೆ. ಚೀಟಿ ಮತ್ತು ಆಧಾರ್ ಕಾರ್ಡ್ ಜೊತೆಯಲ್ಲಿರಲಿ.

ಸ್ಕ್ಯಾನ್ ಬಗ್ಗೆ ಒಂದು ಮಾತು. ಸಿಟಿ ಸ್ಕ್ಯಾನ್ ನೋಡುವುದು ರಕ್ತಸ್ರಾವ ಅಥವಾ ಬುರುಡೆಯ ಬಿರುಕು ಇದೆಯೇ ಎಂಬುದನ್ನು. ಕನ್‌ಕಷನ್ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಎಲ್ಲ ಮಕ್ಕಳಿಗೂ ಸ್ಕ್ಯಾನ್ ಬೇಕಿಲ್ಲ, ವೈದ್ಯರು ಬೇಡ ಎಂದರೆ ಒತ್ತಾಯಿಸಬೇಡಿ. ಮಾಡಿಸಿದ ಸ್ಕ್ಯಾನ್ ನಾರ್ಮಲ್ ಎಂದು ಬಂದರೆ ಕನ್‌ಕಷನ್ ಆಗಿಲ್ಲ ಎಂದೂ ಅರ್ಥವಲ್ಲ.

ಈ ತಪ್ಪು ತಿಳಿವಳಿಕೆಯಿಂದ ಏನಾಗುತ್ತದೆ ಎಂಬುದನ್ನು ನಾವು ಹತ್ತಿರದಿಂದ ನೋಡಿದ್ದೇವೆ. ನಮ್ಮ ವಿದ್ಯಾರ್ಥಿವೇತನ ಪಡೆಯುತ್ತಿದ್ದ ಪಿಯುಸಿ ಹುಡುಗನೊಬ್ಬ ಕಬಡ್ಡಿಯಲ್ಲಿ ಎದುರಾಳಿಯ ಮೊಣಕಾಲು ತಲೆಗೆ ಬಡಿದ ಮೇಲೂ ಪಂದ್ಯ ಮುಗಿಸಿ ಬಸ್ಸಿನಲ್ಲಿ ಮನೆಗೆ ಬಂದ. ರಾತ್ರಿ ಊಟಕ್ಕೆ ಕೂತಾಗ "ಉಮ್ಮಾ, ಅಪ್ಪ ಬಂದ್ರಾ?" ಎಂದು ಮೂರು ಸಲ ಕೇಳಿದ. ಅಪ್ಪ ಪಕ್ಕದಲ್ಲೇ ಕೂತಿದ್ದರು. ತಾಯಿ ಆ ರಾತ್ರಿಯೇ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದರು, ಸ್ಕ್ಯಾನ್ ಆಯಿತು, ನಾರ್ಮಲ್ ಬಂತು. ಅಲ್ಲಿಗೆ ಎಲ್ಲರೂ ನಿರಾಳ. ಮುಂದಿನ ವಾರ ಕಿರುಪರೀಕ್ಷೆಯಲ್ಲಿ ಅವನಿಗೆ ಸಾಲುಗಳನ್ನು ಓದಲಾಗಲಿಲ್ಲ, ಅಕ್ಷರ ನೋಡಿದರೆ ತಲೆ ಸಿಡಿಯುತ್ತಿತ್ತು. ರಿಪೋರ್ಟ್ ನಾರ್ಮಲ್ ಇದೆಯಲ್ಲ, ಓದದಿರಲು ನೆಪ ಎಂದು ತರಗತಿಯಲ್ಲಿ ಬೈಸಿಕೊಂಡ, ಮನೆಯಲ್ಲೂ ಬೈಸಿಕೊಂಡ. ನೆಪವಲ್ಲ, ಅದೂ ಪೆಟ್ಟಿನ ಭಾಗವೇ ಎಂದು ನರರೋಗ ತಜ್ಞರು ಬರೆದುಕೊಟ್ಟ ನಂತರವೇ ಬೈಗುಳ ನಿಂತದ್ದು. ಪೂರ್ತಿ ಸರಿಹೋಗಲು ಐದು ವಾರ ಬೇಕಾಯಿತು. ಆ ಐದು ವಾರಗಳಲ್ಲಿ ಪೆಟ್ಟಿಗಿಂತ ಹೆಚ್ಚು ನೋಯಿಸಿದ್ದು ಯಾರೂ ನಂಬದೇ ಇದ್ದದ್ದು ಎಂದು ಅವನೇ ನಮ್ಮ ಮುಂದೆ ಹೇಳಿದ.

ಮನೆಯಲ್ಲಿ ಮೊದಲ ಒಂದೆರಡು ದಿನ ಹೇಗಿರಬೇಕು? ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಕ್ರಮವನ್ನು ಈಗ ವೈದ್ಯರು ಒಪ್ಪುವುದಿಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ಕ್ರೀಡಾ ಕನ್‌ಕಷನ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದ ಸಲಹೆಯಂತೆ, 24ರಿಂದ 48 ಗಂಟೆ ಹದವಾದ ವಿಶ್ರಾಂತಿ ಸಾಕು. ಮನೆಯೊಳಗೆ ಓಡಾಡಬಹುದು, ನಿಧಾನವಾಗಿ ನಡೆಯಬಹುದು. ಮೊಬೈಲ್, ಟಿವಿ ಈ ಎರಡು ದಿನ ಆದಷ್ಟು ದೂರವಿರಲಿ. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ. ಮಲಗಲು ಬಿಡಬಾರದು ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ವೈದ್ಯರು ನೋಡಿ ಅಪಾಯವಿಲ್ಲ ಎಂದ ಮೇಲೆ ನಿದ್ದೆ ಒಳ್ಳೆಯದೇ. ಮೊದಲ ರಾತ್ರಿ ಮಗುವನ್ನು ಒಂಟಿಯಾಗಿ ಮಲಗಿಸಬೇಡಿ, ನಡುವೆ ಎಬ್ಬಿಸಿ ನೋಡಬೇಕೇ ಎಂದು ವೈದ್ಯರನ್ನೇ ಕೇಳಿಕೊಳ್ಳಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ವೈದ್ಯರು ಹೇಳದೆ ಆಸ್ಪಿರಿನ್, ಐಬುಪ್ರೊಫೆನ್ ಗುಳಿಗೆ ಕೊಡಬೇಡಿ, ರಕ್ತಸ್ರಾವವಿದ್ದರೆ ಅವು ಅದನ್ನು ಹೆಚ್ಚಿಸಬಲ್ಲವು. ಕಾಲೇಜು ಹುಡುಗರು ಬೈಕ್ ಮುಟ್ಟುವುದು ಬೇಡ.

ಮದ್ರಸಕ್ಕೆ ಹೋಗುವ, ಹಿಫ್ಝ್ ಮಾಡುತ್ತಿರುವ ಮಕ್ಕಳ ಪೋಷಕರು ಉಸ್ತಾದರಿಗೆ ವಿಷಯ ತಿಳಿಸಬೇಕು. ಕಂಠಪಾಠವೂ ಮೆದುಳಿಗೆ ದುಡಿಮೆಯೇ. ಕೆಲವು ದಿನ ಹೊಸ ಪಾಠ ಬೇಡ, ಹಳೆಯದರ ಒಪ್ಪಿಸುವಿಕೆಯೂ ಸ್ವಲ್ಪವೇ ಇರಲಿ. ಸುಜೂದ್‌ನಲ್ಲಿ ಬಗ್ಗಿದಾಗ ತಲೆನೋವು, ತಲೆಸುತ್ತು ಹೆಚ್ಚಾದರೆ ಕೂತು ನಮಾಝ್ ಮಾಡಲು ಅವಕಾಶವಿದೆ. ರಮಝಾನ್ ತಿಂಗಳಲ್ಲಿ ಪೆಟ್ಟಾದರೆ, ಕಾಯಿಲೆಯವರಿಗೆ ಉಪವಾಸದಲ್ಲಿ ಇರುವ ರಿಯಾಯಿತಿಯನ್ನು ಬಳಸಿಕೊಳ್ಳಲು ಮಗು ಹಿಂಜರಿಯದಂತೆ ಹಿರಿಯರೇ ಹೇಳಬೇಕು. ನೀರು, ಊಟ, ನಿದ್ದೆ ಮೂರೂ ಏರುಪೇರಾದರೆ ತಲೆನೋವು ಇಳಿಯುವುದು ನಿಧಾನ.

ಆಮೇಲೆ ಮೊದಲು ಪಾಠ, ನಂತರ ಆಟ. ಶಾಲೆಗೆ ಅರ್ಧ ದಿನದಿಂದ ಶುರು ಮಾಡಬಹುದು. ತಲೆನೋವು ಬಂದರೆ ಸ್ವಲ್ಪ ಹೊತ್ತು ತಲೆಯೊರಗಿಸಲು ಬಿಡುವಂತೆ ಶಿಕ್ಷಕರಲ್ಲಿ ಕೇಳಿಕೊಳ್ಳಿ. ಆಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮರಳಬೇಕು: ನಡಿಗೆ, ನಿಧಾನದ ಓಟ ಅಥವಾ ಸೈಕಲ್, ಒಬ್ಬನೇ ಮಾಡುವ ಅಭ್ಯಾಸ, ಮೈಗೆ ಮೈ ತಾಗದ ತಂಡದ ಅಭ್ಯಾಸ, ವೈದ್ಯರ ಒಪ್ಪಿಗೆ ಚೀಟಿ ಬಂದ ಮೇಲೆ ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ತಲೆನೋವು ಜೋರಾದರೆ ಅಲ್ಲಿಗೇ ನಿಲ್ಲಿಸಿ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ. ಆ ಮೇಲೂ ಉಳಿದರೆ ತಜ್ಞರನ್ನು ಕಾಣಬೇಕು.

ಮಕ್ಕಳು ಇದನ್ನು ಮುಚ್ಚಿಡುವುದೇಕೆ ಎಂಬುದನ್ನೂ ಹೇಳಬೇಕು. ಹುಡುಗರಿಗೆ ತಂಡದಿಂದ ಕೈಬಿಡುತ್ತಾರೆಂಬ ಭಯ. ಕ್ರೀಡಾ ಕೋಟಾದ ಸೀಟು, ಜಿಲ್ಲಾ ಮಟ್ಟದ ಪ್ರಮಾಣಪತ್ರ ಅವರ ಕಣ್ಣ ಮುಂದಿರುತ್ತದೆ. ಹೆಣ್ಣುಮಕ್ಕಳಿಗೆ ಬೇರೆ ಭಯ: ಒಮ್ಮೆ ಪೆಟ್ಟಾಯಿತೆಂದು ಹೇಳಿದರೆ ಆಟವನ್ನೇ ನಿಲ್ಲಿಸಿಬಿಡುತ್ತಾರೆ. ನಾವು ಆಟ ನಿಲ್ಲಿಸಿ ಎನ್ನುತ್ತಿಲ್ಲ. ಹೇಳಿದ ಮಗುವಿಗೆ ಶಿಕ್ಷೆಯಾಗದಿದ್ದರೆ ಮಾತ್ರ ಮುಂದಿನ ಸಲವೂ ಅದು ಹೇಳುತ್ತದೆ. ಬಡ ಪೋಷಕರಿಗೂ ಭಯಗಳಿವೆ: ಆಸ್ಪತ್ರೆಯ ಖರ್ಚು, ಒಂದು ದಿನದ ಕೂಲಿ, ಪಿಯುಸಿಯ ಶೇ. 75 ಹಾಜರಾತಿ, ವಿದ್ಯಾರ್ಥಿವೇತನ ನಿಂತೀತೆಂಬ ಆತಂಕ.

ಕೊನೆಯ ಭಯವನ್ನು ನಾವೇ ತೆಗೆದುಹಾಕಬಹುದು. ಈ ಸಾಲಿನಿಂದ ನವೀಕರಣ ಅರ್ಜಿಯಲ್ಲಿ ಹಾಜರಾತಿ ಅಥವಾ ಅಂಕ ಕಡಿಮೆಯಾಗಿದ್ದರೆ ಕಾರಣ ಬರೆಯಲು ಪ್ರತ್ಯೇಕ ಜಾಗ ಬಿಟ್ಟಿದ್ದೇವೆ. ತಲೆಗೆ ಪೆಟ್ಟಾಗಿದ್ದಲ್ಲಿ ವೈದ್ಯರ ಚೀಟಿಯ ನಕಲನ್ನು ಲಗತ್ತಿಸಿದರೆ ಸಾಕು, ಆ ಕಾರಣಕ್ಕೆ ವಿದ್ಯಾರ್ಥಿವೇತನ ಕಡಿತವಾಗುವುದಿಲ್ಲ. ಕಾಲೇಜಿಗೆ ಪತ್ರ ಬೇಕಿದ್ದರೆ ಟ್ರಸ್ಟಿನಿಂದ ಬರೆದುಕೊಡುತ್ತೇವೆ. ತಪಾಸಣೆ, ಪ್ರಯಾಣದ ಖರ್ಚಿಗೆ ಸಾಮಾನ್ಯ ದೇಣಿಗೆಯ ನಿಧಿಯಿಂದ ನೆರವು ಕೊಡಲು ಸಮಿತಿ ಒಪ್ಪಿದೆ. ಇದಕ್ಕಾಗಿ ಝಕಾತ್ ನಿಧಿಯನ್ನು ಮುಟ್ಟುವುದಿಲ್ಲ ಎಂಬುದನ್ನು ದಾನಿಗಳ ಗಮನಕ್ಕೆ ತರುತ್ತೇವೆ. ಬಿಲ್ಲು ಕಳೆದುಹೋಗಿದ್ದರೂ ಹೊರರೋಗಿ ಚೀಟಿಯನ್ನು ಇಟ್ಟುಕೊಂಡು ಕಚೇರಿಗೆ ಬನ್ನಿ.