ವಾರಂಟಿಗೆ ಸರಹದ್ದಿದೆ, ಮುಸುಕಿಗಿಲ್ಲ

2015ರ ಫೆಬ್ರುವರಿ 20ರಂದು ಅಮೆರಿಕದ ವರ್ಜೀನಿಯಾದಲ್ಲಿ ಮ್ಯಾಜಿಸ್ಟ್ರೇಟ್ ಒಬ್ಬರು ಶೋಧನಾ ವಾರಂಟೊಂದಕ್ಕೆ ಸಹಿ ಹಾಕಿದರು. ಅಂದಿನ ನಿಯಮದಂತೆ ಅಂಥ ವಾರಂಟು ಸಾಮಾನ್ಯವಾಗಿ ಅವರ ಜಿಲ್ಲೆಯ ಸರಹದ್ದಿನೊಳಗೆ ಮಾತ್ರ ನಡೆಯಬೇಕು. ಆದರೆ ಆ ಒಂದು ಕಾಗದದ ಬಲದಿಂದ ಎಫ್‌ಬಿಐ 120 ದೇಶಗಳ 8,000ಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಕೈ ಹಾಕಿತು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹಂಚುತ್ತಿದ್ದ ‘ಪ್ಲೇಪೆನ್’ ಎಂಬ ಡಾರ್ಕ್‌ನೆಟ್ ತಾಣದ ಬೇಟೆ ಅದು. ಇಂಥವರನ್ನು ಹಿಡಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ನ್ಯಾಯಾಲಯಗಳು ತಲೆಕೆಡಿಸಿಕೊಂಡಿದ್ದು ಹಿಡಿದ ರೀತಿಯ ಬಗ್ಗೆ. ಡಾರ್ಕ್‌ನೆಟ್ಟಿಗೆ ಕಡಿವಾಣ ಹಾಕಹೊರಟ ಕಾನೂನು ಹಲವು ಕಡೆ ಎಡವುವುದು ಇಲ್ಲೇ.

ನೌಕಾಪಡೆ ಹೊಲಿದ ಮುಸುಕು

ಡಾರ್ಕ್‌ನೆಟ್ಟಿನಲ್ಲಿ ಗುರುತು ಮರೆಸುವ ಮುಸುಕನ್ನು ಹೊಲಿದದ್ದು ಕಳ್ಳರಲ್ಲ, ಸರ್ಕಾರವೇ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ ಪಾಲ್ ಸೈವರ್ಸನ್, ಡೇವಿಡ್ ಗೋಲ್ಡ್‌ಶ್ಲಾಗ್ ಮತ್ತು ಮೈಕೆಲ್ ರೀಡ್ ‘ಆನಿಯನ್ ರೂಟಿಂಗ್’ ವಿಧಾನ ರೂಪಿಸಿದರು. ಸಂದೇಶವನ್ನು ಈರುಳ್ಳಿಯ ಹಾಗೆ ಪದರ ಪದರವಾಗಿ ಗೂಢಲಿಪಿಯಲ್ಲಿ ಸುತ್ತಿ, ಬೇರೆ ಬೇರೆ ಕಡೆ ಇರುವ ಕಂಪ್ಯೂಟರುಗಳ ಮೂಲಕ ಸಾಗಿಸುವುದು ಅದರ ತಂತ್ರ. ಮೊದಲ ಕಂಪ್ಯೂಟರಿಗೆ ಕಳಿಸಿದವರು ಯಾರೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರದೆಂದು ಗೊತ್ತಿಲ್ಲ.

ಆದರೆ ಇದನ್ನು ನೌಕಾಪಡೆಯವರಷ್ಟೇ ಬಳಸಿದರೆ, ಬಳಸಿದವರೆಲ್ಲ ನೌಕಾಪಡೆಯವರೆಂದು ತಾನಾಗಿ ಬಯಲಾಗುತ್ತದೆ. ಮರೆಯಾಗಬೇಕಾದರೆ ಗುಂಪಿನಲ್ಲಿ ಗೋವಿಂದ ಎನ್ನುವಂತಿರಬೇಕು. ಅದಕ್ಕೇ ಸೈವರ್ಸನ್ ಜೊತೆ ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ ಕಟ್ಟಿದ ‘ಟಾರ್’ ಜಾಲ 2002ರಲ್ಲಿ ಚಾಲನೆಗೊಂಡು ಎಲ್ಲರ ಕೈಗೂ ಸಿಕ್ಕಿತು. 2006ರಲ್ಲಿ ಅದನ್ನು ನಡೆಸಲು ಲಾಭರಹಿತ ಸಂಸ್ಥೆಯೂ ಹುಟ್ಟಿತು. ಗುಂಪು ಎಂದಮೇಲೆ ಎಲ್ಲರೂ ಇರುತ್ತಾರೆ. ಚೀನಾ, ಇರಾನ್‌ಗಳಲ್ಲಿ ಸುದ್ದಿಗೆ ಹಾಕಿದ ತಡೆ ದಾಟಲೆಂದು ಬಿಬಿಸಿ 2019ರಲ್ಲಿ ಟಾರ್‌ನಲ್ಲಿ ತನ್ನ ತಾಣ ತೆರೆಯಿತು. ಮಾದಕವಸ್ತು ಮಾರುವವರೂ ಅದೇ ಜಾಲದಲ್ಲಿ ಅಂಗಡಿ ಹಾಕಿದರು.

ಸಿಕ್ಕಿಬಿದ್ದದ್ದು ಎಡವಟ್ಟಿನಿಂದ

ಆ ಅಂಗಡಿಗಳಲ್ಲಿ ಹೆಸರಾದದ್ದು 2011ರಲ್ಲಿ ಶುರುವಾದ ‘ಸಿಲ್ಕ್ ರೋಡ್’. ಹಣ ಬಿಟ್‌ಕಾಯಿನ್‌ನಲ್ಲಿ, ಸರಕು ಅಂಚೆಯಲ್ಲಿ. ಅದನ್ನು ನಡೆಸುತ್ತಿದ್ದ ರಾಸ್ ಉಲ್ಬ್ರಿಕ್ಟ್‌ನ ಜಾಡು ಹಿಡಿದವರಲ್ಲಿ ತೆರಿಗೆ ಇಲಾಖೆಯ ತನಿಖಾಧಿಕಾರಿಯೊಬ್ಬರಿದ್ದರು. ಅವರ ಆಯುಧ ಗೂಗಲ್ ಹುಡುಕಾಟ. ತಾಣದ ಬಗ್ಗೆ ಮೊಟ್ಟಮೊದಲು ಪ್ರಚಾರ ಮಾಡಿದ್ದ ಖಾತೆಯನ್ನು ಹುಡುಕಿದರೆ, ಅದೇ ಖಾತೆಯ ಇನ್ನೊಂದು ಬರಹದಲ್ಲಿ ಉಲ್ಬ್ರಿಕ್ಟ್ ತನ್ನ ಪೂರ್ತಿ ಹೆಸರಿದ್ದ ಇಮೇಲ್ ವಿಳಾಸ ಕೊಟ್ಟಿದ್ದ! 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯದಲ್ಲಿ ಅವನ ಬೆನ್ನ ಹಿಂದೆ ಗಂಡು ಹೆಣ್ಣು ಇಬ್ಬರು ಜಗಳಕ್ಕೆ ನಿಂತರು. ಅವನು ತಿರುಗಿ ನೋಡುವಷ್ಟರಲ್ಲಿ, ತೆರೆದಿದ್ದ ಲ್ಯಾಪ್‌ಟಾಪ್ ಪೊಲೀಸರ ಕೈ ಸೇರಿತ್ತು. ಜಗಳವಾಡಿದವರೂ ಏಜೆಂಟರೇ.

2017ರಲ್ಲಿ ‘ಆಲ್ಫಾಬೇ’ ಎಂಬ ಅಂಥದೇ ಅಂಗಡಿ ಮುಚ್ಚಿದ್ದೂ ಹೀಗೆಯೇ. ಹೊಸ ಸದಸ್ಯರಿಗೆ ಹೋಗುತ್ತಿದ್ದ ಸ್ವಾಗತ ಪತ್ರದಲ್ಲಿ ಸ್ಥಾಪಕನ ಸ್ವಂತ ಹಾಟ್‌ಮೇಲ್ ವಿಳಾಸ ಉಳಿದುಬಿಟ್ಟಿತ್ತು. ಗೂಢಲಿಪಿ ಮುರಿಯಲಿಲ್ಲ, ಮನುಷ್ಯ ಎಡವಿದ.

ಪೊಲೀಸರೇ ಎಡವಿದಾಗ

ಪ್ಲೇಪೆನ್‌ನಲ್ಲಿ ಎಫ್‌ಬಿಐ ಬೇರೆ ದಾರಿ ಹಿಡಿಯಿತು. ತಾಣದ ಸರ್ವರನ್ನು ವಶಪಡಿಸಿಕೊಂಡು ಮುಚ್ಚುವ ಬದಲು ಸುಮಾರು ಎರಡು ವಾರ ತಾನೇ ನಡೆಸಿತು. ಒಳಗೆ ಬಂದವರ ಕಂಪ್ಯೂಟರಿಗೆ ಒಂದು ಗುಪ್ತ ಕೋಡ್ ಕಳಿಸಿ, ಅವರ ಅಸಲಿ ಐಪಿ ವಿಳಾಸವನ್ನು ತರಿಸಿಕೊಂಡಿತು. ಹಲವು ನ್ಯಾಯಾಲಯಗಳು ಆ ವಾರಂಟು ಸರಹದ್ದು ಮೀರಿದೆ ಎಂದವು. ಹಾಗೆಂದ ಹೆಚ್ಚಿನವು, ಪೊಲೀಸರು ಸದುದ್ದೇಶದಿಂದ ನಡೆದುಕೊಂಡರೆಂದು ಸಾಕ್ಷ್ಯವನ್ನು ಉಳಿಸಿಕೊಂಡವು. ವಾಷಿಂಗ್ಟನ್ ರಾಜ್ಯದ ಒಂದು ಪ್ರಕರಣದಲ್ಲಿ ಮಾತ್ರ ನ್ಯಾಯಾಧೀಶರು, ಆ ಕೋಡನ್ನು ಆರೋಪಿಯ ವಕೀಲರಿಗೆ ತೋರಿಸದಿದ್ದರೆ ಅದರಿಂದ ಬಂದ ಸಾಕ್ಷ್ಯವೂ ಬೇಡ ಎಂದರು. ಕೋಡ್ ಬಯಲು ಮಾಡುವ ಬದಲು ಸರ್ಕಾರ 2017ರಲ್ಲಿ ಮೊಕದ್ದಮೆಯನ್ನೇ ಕೈಬಿಟ್ಟಿತು.

ಅಷ್ಟರಲ್ಲಿ ನಿಯಮವೂ ಬದಲಾಗಿತ್ತು. 2016ರ ಡಿಸೆಂಬರ್ 1ರಿಂದ, ಕಂಪ್ಯೂಟರ್ ಇರುವ ಜಾಗವನ್ನು ತಂತ್ರಜ್ಞಾನದಿಂದ ಮರೆಮಾಚಿದ್ದರೆ ಮ್ಯಾಜಿಸ್ಟ್ರೇಟರು ಜಿಲ್ಲೆಯಾಚೆಗೂ ವಾರಂಟು ಕೊಡಬಹುದು. ಮರೆಯಾದ ಆ ಕಂಪ್ಯೂಟರ್ ಬೇರೆ ದೇಶದಲ್ಲಿದ್ದರೆ ಅಮೆರಿಕದ ಮ್ಯಾಜಿಸ್ಟ್ರೇಟರ ಅಧಿಕಾರವೇನು ಎಂಬುದು ಮಾತ್ರ ಇತ್ಯರ್ಥವಾಗಿಲ್ಲ.

ಮುಸುಕೋ, ಕೃತ್ಯವೋ?

ಕಾನೂನು ಶಿಕ್ಷಿಸಬೇಕಾದದ್ದು ಮುಸುಕನ್ನೋ, ಕೃತ್ಯವನ್ನೋ ಎಂಬ ಪ್ರಶ್ನೆಯಲ್ಲಿ ಜರ್ಮನಿ ಪಾಠ ಕಲಿತಂತಿದೆ. 2019ರಲ್ಲಿ ಅಲ್ಲಿನ ರಾಜ್ಯಗಳ ಸದನ ಸಿದ್ಧಪಡಿಸಿದ ಮಸೂದೆ, ವಿಶೇಷ ತಂತ್ರಜ್ಞಾನದ ಮೂಲಕವಷ್ಟೇ ಪ್ರವೇಶಿಸಬಹುದಾದ ಸೇವೆಗಳ ಮೇಲೆ, ಅಂದರೆ ಟಾರ್‌ನಂಥವುಗಳ ಮೇಲೆ, ಕಣ್ಣಿಟ್ಟಿತ್ತು. ಟೀಕೆಗಳು ಬಂದವು. 2021ರ ಅಕ್ಟೋಬರ್‌ನಲ್ಲಿ ಜಾರಿಯಾದ ಕಾಯ್ದೆಯಲ್ಲಿ ತಂತ್ರಜ್ಞಾನದ ಮಾತೇ ಇಲ್ಲ. ಅಪರಾಧಕ್ಕೆಂದೇ ಮಾರುಕಟ್ಟೆ ನಡೆಸುವವರು ಬೆಳಕಿನಲ್ಲಿದ್ದರೂ ಕತ್ತಲಲ್ಲಿದ್ದರೂ ಶಿಕ್ಷೆ ಒಂದೇ.

ನಮ್ಮಲ್ಲಿ ಗಾಳಿ ಉಲ್ಟಾ ಬೀಸಿತು. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದಂತೆ, ಬಳಕೆದಾರರ ಐಪಿ ವಿಳಾಸ ಮರೆಮಾಚುವ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ ಎಲ್ಲವನ್ನೂ ಐದು ವರ್ಷ ಕಾಪಿಡಬೇಕು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಭಾರತದಲ್ಲಿದ್ದ ಸರ್ವರುಗಳನ್ನೇ ಎತ್ತಿಕೊಂಡು ಹೋದವು. ಎಕ್ಸ್‌ಪ್ರೆಸ್‌ವಿಪಿಎನ್ ಅಂತೂ ಸಿಂಗಪುರ ಮತ್ತು ಬ್ರಿಟನ್‌ನಲ್ಲಿ ಕೂತು ಭಾರತದ ಐಪಿ ವಿಳಾಸ ಕೊಡತೊಡಗಿತು. ಕಡತಕ್ಕೆ ಸಿಗಬೇಕಾದವರು ಸರಹದ್ದಿನಾಚೆ ಹೋದರು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದನ್ನು ಮೊಟಕುಗೊಳಿಸಲು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು. ಎಲ್ಲರ ಜಾಡನ್ನೂ ಕೂಡಿಡುವ ಆದೇಶ ಈ ಕೊನೆಯ ಮಾತಿಗೆ ಹೊಂದುವುದು ಕಷ್ಟ.

ತನಿಖೆಗೆ ಬೇರೆ ದಾರಿಯಿದೆ. ಡಾರ್ಕ್‌ನೆಟ್ಟಿನಲ್ಲಿ ಕೊಂಡ ಮಾದಕವಸ್ತುವೂ ಕೊನೆಗೆ ಪಾರ್ಸೆಲ್ಲಾಗಿ ಬರಲೇಬೇಕು. ಬೆಂಗಳೂರಿನ ಚಾಮರಾಜಪೇಟೆಯ ವಿದೇಶಿ ಅಂಚೆ ಕಚೇರಿಯಲ್ಲಿ ಸಿಸಿಬಿ ಪೊಲೀಸರು ಮಾದಕವಸ್ತುವಿನ ಪಾರ್ಸೆಲ್ ಹಿಡಿದದ್ದುಂಟು. ಪಾರ್ಸೆಲ್, ಹಣದ ಜಾಡು, ಮನುಷ್ಯನ ಎಡವಟ್ಟು: ತನಿಖೆ ಗೆಲ್ಲುವ ಕಡೆ ಇವು. ಮುಸುಕನ್ನೇ ಅಪರಾಧವೆಂದರೆ ಸಿಕ್ಕಿಬೀಳುವವನು ಮೇಲಧಿಕಾರಿಯ ಲಂಚದ ಬಗ್ಗೆ ಮೂಗರ್ಜಿ ಬರೆದ ಗುಮಾಸ್ತ. ಸರಕು ಮಾರುವವನಿಗೆ ಸಿಂಗಪುರದ ಸರ್ವರಿನ ದಾರಿ ಗೊತ್ತಿರುತ್ತದೆ.